ಸೊಳ್ಳೆಗೂ ಆಯ್ಕೆ ಇದೆ

ಭದ್ರಾ ಕಾಲುವೆಗೆ ನೀರು ಬಿಟ್ಟು ಗದ್ದೆ ನಾಟಿ ಶುರುವಾಯಿತೆಂದರೆ ದಾವಣಗೆರೆಯಲ್ಲಿ ಸಂಜೆಯೆಲ್ಲ ಸೊಳ್ಳೆಗಳದ್ದೇ ದರ್ಬಾರು. ಕುಂದುವಾಡ ಕೆರೆ ಹತ್ತಿರ ಒಟ್ಟಿಗೇ ಕೂತರೂ ನಮ್ಮ ಮನೆಯವರು ಆರಾಮಾಗಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾರೆ, ನಾನು ಕಾಲು ಕೆರೆದುಕೊಳ್ಳುತ್ತೇನೆ. "ನಿನ್ನ ರಕ್ತ ಸಿಹಿ ಐತೆ ಬಿಡವ್ವಾ" ಅಂತ ಅತ್ತೆಯ ತೀರ್ಪು ಬೇರೆ.

ಸಿಹಿಗೂ ಇದಕ್ಕೂ ಸಂಬಂಧ ಇಲ್ಲ. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆಗೆ ಅದಕ್ಕೆ ರಕ್ತದ ಪ್ರೋಟೀನ್ ಬೇಕು. ದೂರದಿಂದ ನಮ್ಮ ಉಸಿರಿನ ಕಾರ್ಬನ್ ಡೈಆಕ್ಸೈಡ್ ಹಿಡಿದು ಬರುತ್ತದೆ. ಹತ್ತಿರ ಬಂದ ಮೇಲೆ ಮೈಬಿಸಿ, ಬೆವರು, ಚರ್ಮದ ವಾಸನೆ. ಗರ್ಭಿಣಿಯರ ಉಸಿರೂ ಮೈಬಿಸಿಯೂ ಜಾಸ್ತಿ, ಹಾಗಾಗಿ ಪಾಪ, ಅವರಿಗೆ ಕಾಟವೂ ಜಾಸ್ತಿ.

ನನಗೆ ಮಜಾ ಅನಿಸಿದ್ದು ಚರ್ಮದ ಕತೆ. 2022ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ಜನರ ತೋಳಿಗೆ ನೈಲಾನ್ ಕಾಲುಚೀಲ ಹಾಕಿಸಿ (ಹೌದು, ತೋಳಿಗೇ!), ಆ ವಾಸನೆಯನ್ನು ಡೆಂಗಿ ಹರಡುವ ಈಡಿಸ್ ಸೊಳ್ಳೆಗಳ ಮುಂದೆ ಇಟ್ಟಿದ್ದರು. ಕೆಲವರ ಚೀಲಕ್ಕೇ ಅವು ಮತ್ತೆ ಮತ್ತೆ ಮುಗಿಬಿದ್ದವು. ಅವರ ಚರ್ಮದಲ್ಲಿ ಕಾರ್ಬಾಕ್ಸಿಲಿಕ್ ಆಮ್ಲಗಳು (ಚರ್ಮದ ಜಿಡ್ಡಿನಲ್ಲಿರುವ ಒಂದು ಬಗೆಯ ರಾಸಾಯನಿಕಗಳು) ಜಾಸ್ತಿ ಇದ್ದವು. ವರ್ಷಗಳು ಕಳೆದರೂ ಸೊಳ್ಳೆಗಳ ಫೇವರಿಟ್ ಅವರೇ. ಅಂದರೆ ನನ್ನ ಪಾಡೂ ಸದ್ಯಕ್ಕೆ ಬದಲಾಗುವುದಿಲ್ಲ, ಅಲ್ವಾ?

ಗಾಢ ಬಣ್ಣ ಅವುಗಳ ಕಣ್ಣಿಗೆ ಬೇಗ ಬೀಳುತ್ತದೆ, ಸಂಜೆಗೆ ತಿಳಿ ಬಣ್ಣದ ಬಟ್ಟೆಯೇ ವಾಸಿ. ಮನೆಯಲ್ಲಾದರೆ ಸುಮ್ನೆ ಫ್ಯಾನ್ ಜೋರು ಮಾಡಿ. ಆ ಗಾಳಿಗೆ ಸೊಳ್ಳೆ ನೆಟ್ಟಗೆ ಹಾರಲಾರದು. ಕರೆಂಟ್ ಇದ್ದರೆ.