ಯಲಹಂಕದಿಂದ ಬಂಗಾರಪೇಟೆಗೆ: ಎರಡೂವರೆ ಅಡಿ ಹಳಿಯ ಜಾಡಿನಲ್ಲಿ

ಯಲಹಂಕದಲ್ಲಿ ಚಿಕ್ಕಬಳ್ಳಾಪುರದ ರೈಲು ಹತ್ತುವವರು ಕಿಟಕಿ ಪಕ್ಕದ ಸೀಟನ್ನೇ ಹಿಡಿಯಬೇಕು. ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್. ಈ ಸಾಲಿನ ಹಳೇ ಪುಟ್ಟ ಸ್ಟೇಷನ್‌ಗಳು ಕಟ್ಟಿದ್ದು ಈಗಿನ ರೈಲಿಗಲ್ಲ. 1910ರ ದಶಕದಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ, ಇಲ್ಲಿ ಹಾಕಿದ್ದು ಎರಡು ಕಂಬಿಗಳ ನಡುವೆ 762 ಮಿ.ಮೀ. ಅಗಲದ ನ್ಯಾರೋ ಗೇಜ್. ಈಗಿರುವುದು 1676 ಮಿ.ಮೀ. ಬ್ರಾಡ್ ಗೇಜ್. ಹಳಿ ಕಿರಿದಾದರೆ ತಿರುವನ್ನು ಬಿಗಿಯಾಗಿ ತೆಗೆಯಬಹುದು, ಗುಡ್ಡ ಕಡಿಯುವುದು ಕಡಿಮೆ, ಹಗುರ ಹಳಿ ಮತ್ತು ಸಣ್ಣ ಸೇತುವೆ ಸಾಕು. ಕಡಿಮೆ ಖರ್ಚಿನಲ್ಲಿ ಹಳ್ಳಿಗಳಿಗೆ ರೈಲು ಬಂದದ್ದು ಹಾಗೆ. ಆದರೆ ಅದೇ ತಿರುವು, ಅದೇ ಹಗುರ ಹಳಿಯಿಂದಾಗಿ ವೇಗ ಹೆಚ್ಚಿಸಲು ದಾರಿಯೇ ಇರಲಿಲ್ಲ.

ನಂದಿ ಹಾಲ್ಟ್‌ನಲ್ಲಿ ಇಳಿದು ನೋಡಬೇಕು. ಇಡೀ ಸ್ಟೇಷನ್ ಎಂದರೆ ಹೆಂಚಿನ ಮಾಡಿನ ಒಂದು ಚಿಕ್ಕ ಕಟ್ಟಡ, ಹಿಂದೆ ನಂದಿಬೆಟ್ಟ. ಇಲ್ಲಿ ನಿಲ್ಲುವ ರೈಲುಗಳು ಕಡಿಮೆ, ಹಾಗಾಗಿ ಮುಂದಿನದರ ಸಮಯ ಕೇಳಿಕೊಂಡೇ ಇಳಿಯಿರಿ.

ಚಿಕ್ಕಬಳ್ಳಾಪುರದಿಂದ ಮುಂದೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ. ರೇಷ್ಮೆಗೂಡು, ಮಾವು, ಕೆರೆಗಳ ನಾಡು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಉಗಿ ಇಂಜಿನ್ನಿಗೆ ಕಲ್ಲಿದ್ದಲಿಗಿಂತ ದೊಡ್ಡ ಚಿಂತೆ ನೀರಿನದು. ಗಡಸು ನೀರು ಕುದಿದಂತೆಲ್ಲ ಬಾಯ್ಲರ್ ಕೊಳವೆಗಳಿಗೆ ಸುಣ್ಣದ ಪದರ ಕಟ್ಟುತ್ತದೆ. ಬೆಂಕಿಯ ಶಾಖ ನೀರಿಗೆ ದಾಟದೆ ಲೋಹವೇ ಕಾಯುತ್ತದೆ, ಕೊಳವೆ ಸೋರತೊಡಗುತ್ತದೆ. ಲವಣ ಹೆಚ್ಚಾದರೆ ನೀರು ನೊರೆಗಟ್ಟಿ ಉಗಿಯ ಜೊತೆ, ಪಿಸ್ಟನ್ ಓಡಾಡುವ ಸಿಲಿಂಡರಿಗೆ ನುಗ್ಗುತ್ತದೆ. ನೀರು ಕುಗ್ಗುವುದಿಲ್ಲವಾದ್ದರಿಂದ ಸಿಲಿಂಡರಿನ ಮುಚ್ಚಳವೇ ಒಡೆಯಬಹುದು. ಅದಕ್ಕೇ ಆಗಾಗ ಬೆಂಕಿ ಆರಿಸಿ, ಬಾಯ್ಲರ್ ತಣ್ಣಗಾಗಲು ಬಿಟ್ಟು, ಒಳಗೆಲ್ಲ ತೊಳೆಯಬೇಕಿತ್ತು. ಮತ್ತೆ ಸೌದೆ ಹಚ್ಚಿ, ಕಲ್ಲಿದ್ದಲು ಹಾಕಿ, ಹೊರಡುವಷ್ಟು ಉಗಿ ಏರಲು ಗಂಟೆಗಟ್ಟಲೆ ಹೊತ್ತು. ಡೀಸೆಲ್ ಇಂಜಿನ್ ಗೆದ್ದದ್ದು ಬರೀ ಶಕ್ತಿಯಿಂದಲ್ಲ, ಈ ದುಡಿಮೆ ಉಳಿಸಿದ್ದರಿಂದ.

ಈ ಹಳಿಯನ್ನು ನಿಜವಾಗಿ ಸೋಲಿಸಿದ್ದು ಮಾತ್ರ ಇಂಜಿನ್ ಅಲ್ಲ, ಅದರ ಎರಡು ತುದಿಗಳು. ಬಂಗಾರಪೇಟೆಯಲ್ಲಿ ಬ್ರಾಡ್ ಗೇಜ್, ಯಲಹಂಕದಲ್ಲಿ ಒಂದು ಮೀಟರ್ ಅಗಲದ ಮೀಟರ್ ಗೇಜ್. ಚಿಂತಾಮಣಿಯಲ್ಲಿ ತುಂಬಿದ ಮೂಟೆ ಎತ್ತ ಹೋದರೂ ಒಂದು ವ್ಯಾಗನ್‌ನಿಂದ ಇಳಿದು ಇನ್ನೊಂದಕ್ಕೆ ಏರಬೇಕು. ಪ್ರತಿ ಸಲ ಕೂಲಿ, ಕಾಯುವಿಕೆ, ಹರಿದ ಚೀಲ. ಮಂಡಿಯ ಬಾಗಿಲಲ್ಲೇ ತುಂಬಿಕೊಂಡು ನೇರ ಬೆಂಗಳೂರಿಗೆ ಹೋಗುವ ಲಾರಿಯೆದುರು ಇದು ನಿಲ್ಲುವುದು ಸಾಧ್ಯವೇ ಇರಲಿಲ್ಲ. 1990ರ ದಶಕದಲ್ಲಿ ಎರಡೂ ತುದಿಯ ಹಳಿಗಳು, ಯಲಹಂಕ–ಚಿಕ್ಕಬಳ್ಳಾಪುರ ಮತ್ತು ಕೋಲಾರ–ಬಂಗಾರಪೇಟೆ, ಬ್ರಾಡ್ ಗೇಜ್ ಆದವು. ನಡುವಿನ ಚಿಕ್ಕಬಳ್ಳಾಪುರ–ಕೋಲಾರದ ಜನ 2013ರವರೆಗೆ ಕಾದರು. ಇಷ್ಟು ದೀರ್ಘ ಕಾಲ ಅವರಿಂದ ರೈಲು ಕಿತ್ತುಕೊಂಡದ್ದು ಅನ್ಯಾಯವೇ ಸರಿ.

ಇಂಜಿನ್ ನೋಡಬೇಕೆಂದರೆ ಮೈಸೂರಿಗೆ ಹೋಗಬೇಕು. ಜಂಕ್ಷನ್ ಹತ್ತಿರದ ಕೆಆರ್‌ಎಸ್ ರಸ್ತೆಯ ರೈಲು ವಸ್ತುಸಂಗ್ರಹಾಲಯದಲ್ಲಿ ಅದೇ ಎರಡೂವರೆ ಅಡಿ ಗೇಜಿನ ಉಗಿ ಇಂಜಿನ್ ಇಎಸ್ 506 ನಿಂತಿದೆ, ಇಂಗ್ಲೆಂಡಿನ ಬ್ಯಾಗ್ನಲ್ ಕಾರ್ಖಾನೆಯದು. ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಎಳೆಯುವ ಆರು, ಹಿಂದೆ ಎರಡು. ಆ ಹಿಂದಿನ ಜೋಡಿಯ ಹತ್ತಿರ ಬಗ್ಗಿ ನೋಡಿ: ಬೆಂಕಿಗೂಡು ದೊಡ್ಡ ಗಾಲಿಗಳ ಹಿಂದಕ್ಕೆ ಸರಿದು ಅಗಲವಾಗಿದೆ. ಕಿರಿದಾದ ಹಳಿಯ ಮೇಲೂ ಬೂದಿ ಹೆಚ್ಚಿರುವ ಕಲ್ಲಿದ್ದಲು ಉರಿಯಲು ಅಷ್ಟು ಜಾಗ ಸಿಕ್ಕಿದ್ದು ಹೀಗೆ.