ಮಳೆಗಾಲದಲ್ಲಿ ಪುಣೆಯಿಂದ ಗೋವಾಕ್ಕೆ ಮೋಟರ್‌ಹೋಮ್: ಆಂಬೋಲಿ ಮಂಜಿಗೆ ಮೊದಲು ಫಾಗ್ ಲೈಟ್ ಸರಿ ಮಾಡಿಸಿ

ಜುಲೈ ತಿಂಗಳು, ಮಧ್ಯಾಹ್ನ ಎರಡೂವರೆ. ಆಂಬೋಲಿ ಊರು ದಾಟಿ ಘಾಟ್ ಇಳಿಯಲು ಶುರು ಮಾಡಿದ್ದೆವು. ಹಗಲು ಹೊತ್ತೇ ಆದರೂ ಎದುರಿಗೆ ಬಂದ ಲಾರಿ ಕಣ್ಣಿಗೆ ಬಿದ್ದದ್ದು ಹದಿನೈದು ಮೀಟರ್ ಹತ್ತಿರ ಬಂದ ಮೇಲೆ. ಅದಕ್ಕೆ ಲೈಟೇ ಇರಲಿಲ್ಲ. ನಮ್ಮ ಗಾಡಿಯ ಫಾಗ್ ಲೈಟ್, ಅಂದರೆ ಮಂಜಿಗೆಂದೇ ಬಂಪರಿನಲ್ಲಿ ಹಾಕಿಸಿದ ದೀಪ, ರಸ್ತೆಯ ಎಡಗಡೆಯ ಬಿಳಿ ಗೆರೆಯನ್ನು ತೋರಿಸುತ್ತಿತ್ತು. ಆ ಗೆರೆ ಹಿಡಿದುಕೊಂಡೇ ಕೆಳಗಿಳಿದೆವು. ಈ ಮಳೆಗಾಲದಲ್ಲಿ ಮೋಟರ್‌ಹೋಮ್ ತೆಗೆದುಕೊಂಡು ಇದೇ ದಾರಿಯಲ್ಲಿ ಹೋಗುವವರಿದ್ದರೆ, ಹೊರಡುವ ಎರಡು ವಾರ ಮೊದಲೇ ಲೈಟಿನ ಕೆಲಸ ಮುಗಿಸಿಕೊಳ್ಳಿ.

ನಮ್ಮದು ಹಳೆಯ ಟೆಂಪೋ ಟ್ರಾವೆಲರ್. ಸೀಟು ತೆಗೆಸಿ ಎರಡು ಮಂಚ, ಒಂದು ಗ್ಯಾಸ್ ಒಲೆ, ಹಿಂದುಗಡೆ ನೂರು ಲೀಟರಿನ ನೀರಿನ ಟ್ಯಾಂಕ್ ಹಾಕಿಸಿದ್ದೇವೆ. ಹಿಂಬದಿಯ ಗೋಡೆ ಫೈಬರ್‌ನದು. ಗಾಡಿಯಲ್ಲಿ ನಾನು, ನನ್ನ ಹೆಂಡತಿ, ಅತ್ತೆ ಮತ್ತು ಭಾವಮೈದ.

ದಾರಿ ಸರಳ. ಪುಣೆ, ಸಾತಾರಾ, ಕರಾಡ, ಕೊಲ್ಲಾಪುರ. ಸಂಕೇಶ್ವರದವರೆಗೂ 48ನೇ ಹೆದ್ದಾರಿ. ನಿಪ್ಪಾಣಿ ಬಂದರೆ ಕನ್ನಡ ಬೋರ್ಡು ಕಾಣುತ್ತದೆ. ಪುಣೆಯಲ್ಲಿ ವರ್ಷಗಟ್ಟಲೆ ಇದ್ದವರಿಗೆ ಅದನ್ನು ನೋಡಿದರೆ ಸುಮ್ನೆ ಖುಷಿ. ಸಂಕೇಶ್ವರದಲ್ಲಿ ಹೆದ್ದಾರಿ ಬಿಟ್ಟು ಗಡಹಿಂಗ್ಲಜ, ಆಜರಾ, ಆಂಬೋಲಿ, ಸಾವಂತವಾಡಿ, ಬಾಂದಾ. ಆಮೇಲೆ ಗೋವಾ. ಸಂಕೇಶ್ವರದ ಹತ್ತಿರ ಹರಿಯುವ ಹಿರಣ್ಯಕೇಶಿ ಹುಟ್ಟುವುದೇ ಆಂಬೋಲಿಯಲ್ಲಿ. ಅಂದರೆ ನಾವು ನದಿಯ ತವರಿಗೇ ಹೋಗುವುದು. ಮಹಾರಾಷ್ಟ್ರದಲ್ಲೇ ಅತಿ ಜಾಸ್ತಿ ಮಳೆ ಬೀಳುವ ಜಾಗಗಳಲ್ಲಿ ಆಂಬೋಲಿಯೂ ಒಂದು. ಅರಬ್ಬೀ ಸಮುದ್ರದಿಂದ ಬಂದ ಮೋಡ ಘಟ್ಟಕ್ಕೆ ಬಡಿದು ರಸ್ತೆಯ ಮೇಲೇ ಕೂರುತ್ತದೆ. ಇಲ್ಲಿ ಮಂಜು ಅಂದರೆ ಮೋಡವೇ. ಬಿಸಿಲು ಏರಿದರೆ ಕರಗುತ್ತದೆ ಅಂತ ಕಾಯುವ ಹಾಗಿಲ್ಲ.

ಇಂಥ ಕಡೆ ಹೈ ಬೀಮ್ ಹಾಕಿದರೆ ಏನಾಗುತ್ತದೆ ಗೊತ್ತಲ್ವಾ? ಬೆಳಕು ನೀರಿನ ಹನಿಗಳಿಗೆ ಬಡಿದು ವಾಪಸ್ ನಮ್ಮ ಕಣ್ಣಿಗೇ ಬರುತ್ತದೆ. ಎದುರಿಗೆ ಬಿಳಿ ಬಟ್ಟೆ ಕಟ್ಟಿದ ಹಾಗೆ. ಫಾಗ್ ಲೈಟಿನ ಬೆಳಕು ಅಗಲವಾಗಿ, ಚಪ್ಪಟೆಯಾಗಿ, ನೆಲಕ್ಕೆ ಹತ್ತಿರ ಹರಡುತ್ತದೆ. ಮೇಲುಗಡೆ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ಟ್ರಾವೆಲರ್‌ನಂಥ ಗಾಡಿಯಲ್ಲಿ ನಾವು ಕಾರಿಗಿಂತ ಎತ್ತರದಲ್ಲಿ ಕೂರುತ್ತೇವೆ. ಲೈಟು ಕೆಳಗೆ, ಕಣ್ಣು ಮೇಲೆ. ಈ ಅಂತರ ಇದ್ದಷ್ಟೂ ಬೆಳಕು ನೇರ ಕಣ್ಣಿಗೆ ವಾಪಸ್ ಬರುವುದು ಕಡಿಮೆ. ಹಾಗಾಗಿ ಗಾಡಿ ದೊಡ್ಡದು ಅಂತ ಛಾವಣಿಯ ಮೇಲೆ ಲೈಟಿನ ಸಾಲು ಹಾಕಿಸಬೇಡಿ. ಮಂಜಿನಲ್ಲಿ ಅದರಿಂದ ತೊಂದರೆಯೇ ಜಾಸ್ತಿ. ಯುರೋಪಿನ ನಿಯಮದಲ್ಲಿ ಕಾರು, ಸಣ್ಣ ವ್ಯಾನುಗಳ ಮುಂದಿನ ಫಾಗ್ ಲೈಟ್ ನೆಲದಿಂದ 250ರಿಂದ 800 ಮಿಲಿಮೀಟರ್ ಎತ್ತರದೊಳಗೆ ಇರಬೇಕು. ನಾವು ಬಂಪರಿನಲ್ಲಿ ಸುಮಾರು ಎರಡು ಅಡಿ ಎತ್ತರಕ್ಕೆ ಹಾಕಿಸಿದೆವು.

ಲೈಟು, ರಿಲೇ, ವೈರು ತಂದದ್ದು ಪುಣೆಯ ನಾನಾ ಪೇಟೆಯಿಂದ. 55 ವ್ಯಾಟಿನ ಎರಡು ಹ್ಯಾಲೊಜನ್ ಬಲ್ಬ್ ಅಂದರೆ 12 ವೋಲ್ಟಿನಲ್ಲಿ ಒಂಬತ್ತು ಆಂಪಿಯರ್‌ಗಿಂತ ಜಾಸ್ತಿ. ಅಷ್ಟು ಕರೆಂಟನ್ನು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕ ನೇರವಾಗಿ ಹರಿಸಬೇಡಿ. ಸ್ವಿಚ್ ಕಾಯುತ್ತದೆ, ಕರಗುತ್ತದೆ. ರಿಲೇ, ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಡಬ್ಬಿ, ಬೇಕೇ ಬೇಕು. ಬ್ಯಾಟರಿ ಹತ್ತಿರವೇ 15 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇ, ರಿಲೇಯಿಂದ ಲೈಟಿಗೆ ದಪ್ಪ ವೈರು. ನಾವು ಬಳಸಿದ್ದು 2.5 ಚದರ ಮಿಲಿಮೀಟರಿನದು. ಬ್ಯಾಟರಿ ಅಂದರೆ ಎಂಜಿನ್ನಿನ ಬ್ಯಾಟರಿ. ಒಳಗಿನ ಫ್ಯಾನ್, ಫ್ರಿಜ್ಜಿಗೆ ಇರುವ ಬ್ಯಾಟರಿಯಿಂದ ಲೈನ್ ಎಳೆಯಬೇಡಿ. ರಾತ್ರಿಯೆಲ್ಲಾ ಫ್ಯಾನ್ ಓಡಿ ಅದು ಇಳಿದಿದ್ದರೆ, ಬೆಳಿಗ್ಗೆ ಮಂಜಿನಲ್ಲಿ ಲೈಟೂ ಮಂಕಾಗುತ್ತದೆ.

ಹಿಂದಿನ ಕೆಂಪು ಫಾಗ್ ಲೈಟಿನ ಕಥೆ ಬೇರೆ. ಮೊದಲು ಒಂದು ಗ್ಯಾರೇಜಿನಲ್ಲಿ ಹಾಕಿಸಿದ್ದೆ. ಆನ್ ಮಾಡಿದರೆ ಮಿಣುಕು ದೀಪದ ಹಾಗೆ ಉರಿಯುತ್ತಿತ್ತು, ಬ್ರೇಕ್ ಒತ್ತಿದರೆ ಇನ್ನೂ ಮಂಕು. ಆಮೇಲೆ ಮನೆ ಹತ್ತಿರದ ಆಟೊ ಎಲೆಕ್ಟ್ರಿಷಿಯನ್ ಹುಡುಗನಿಗೆ ತೋರಿಸಿದೆ. ವಿಜಯಪುರದ ಇಂಡಿ ಕಡೆಯವನು. ಗಾಡಿ ಕೆಳಗೆ ತೂರಿ, ಟಾರ್ಚ್ ಬಿಟ್ಟು ನೋಡಿದವನೇ ಹೊರಗೆ ಬಂದ.

"ಅಣ್ಣಾರ, ಅರ್ಥಿಂಗ್ ವೈರ್ ತಂದು ಫೈಬರ್‌ನ್ಯಾಗ ಇರೋ ಕ್ಲಾಂಪಿಗೆ ಸ್ಕ್ರೂ ಹೊಡದಾರ್ರಿ. ಫೈಬರಿನ್ಯಾಗ ಕರೆಂಟ್ ಹೆಂಗ ಹೋಗ್ಬೇಕ್ರಿ?"

"ಮತ್ತೆ ಇಷ್ಟಾದರೂ ಹೇಗೆ ಉರಿಯುತ್ತಿದೆ ತಮ್ಮಾ?"

"ಬ್ರೇಕ್ ಲೈಟಿನ ಬಲ್ಬ್ ಹಾದು ದಾರಿ ಹುಡುಕ್ಕೊಂಡು ಹೋಗಾಕತ್ತೈತ್ರಿ."

ಸಾಮಾನ್ಯ ಗಾಡಿಯ ತಗಡು ಬಾಡಿಯೇ ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಆಗುತ್ತದೆ. ಮೋಟರ್‌ಹೋಮಿನ ಫೈಬರ್ ಗೋಡೆಯಲ್ಲಿ ಅದು ಆಗುವುದಿಲ್ಲ. ಅವನು ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಾದ ಚಾಸಿಸ್‌ವರೆಗೆ ಬೇರೆ ವೈರು ಎಳೆದ. ಚಾಸಿಸ್ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಪೇಂಟನ್ನು ಮರಳು ಕಾಗದದಿಂದ ಉಜ್ಜಿ, ಕಬ್ಬಿಣ ಹೊಳೆಯುವ ಹಾಗೆ ಮಾಡಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಬಳಿದ. ಲೈಟು ಝಗ್ ಅಂತ ಹತ್ತಿತು. ನಿಮ್ಮ ಗಾಡಿಯಲ್ಲೂ ಇದನ್ನು ಒಮ್ಮೆ ನೋಡಿಸಿ.

ಇನ್ನೂ ಎರಡು ಮಾತು. ಹಿಂದೆ ಒಂದೇ ಫಾಗ್ ಲೈಟ್ ಹಾಕಿಸುವುದಾದರೆ ನಮ್ಮ ದೇಶದಲ್ಲಿ ಅದು ಬಲಗಡೆಗೆ ಅಥವಾ ನಡುಮಧ್ಯದಲ್ಲಿ ಇರಬೇಕು, ಬ್ರೇಕ್ ಲೈಟಿನಿಂದ ಕನಿಷ್ಠ ನಾಲ್ಕು ಇಂಚು ದೂರ. ಹತ್ತಿರ ಇದ್ದರೆ ಹಿಂದಿನವನಿಗೆ ಬ್ರೇಕ್ ಒತ್ತಿದ್ದು ತಿಳಿಯುವುದಿಲ್ಲ. ಇನ್ನು, ಹಿಂದೆ ಸೈಕಲ್ ಸ್ಟ್ಯಾಂಡ್ ಇದ್ದರೆ ಸೈಕಲ್ ಕಟ್ಟಿದ ಮೇಲೆ ಇಳಿದು ಹಿಂದಕ್ಕೆ ಹೋಗಿ ನೋಡಿ. ನಮ್ಮ ಸೈಕಲಿನ ಚಕ್ರ ಸರಿಯಾಗಿ ಲೈಟಿನ ಮುಂದೆಯೇ ಬಂದಿತ್ತು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಲೈಟಿನ ಮಟ್ಟವನ್ನು ಗಾಡಿ ತುಂಬಿದ ಮೇಲೆ ಸರಿ ಮಾಡಿಸಿ, ಖಾಲಿ ಇದ್ದಾಗ ಅಲ್ಲ. ಗ್ಯಾರೇಜಿನವರು ಖಾಲಿ ಗಾಡಿಗೇ ಸೆಟ್ ಮಾಡಿ ಕಳಿಸುತ್ತಾರೆ. ನಾವು ಹೊರಡುವ ಹಿಂದಿನ ರಾತ್ರಿ ಟ್ಯಾಂಕಿಗೆ ನೂರು ಲೀಟರ್ ನೀರು, ಅಂದರೆ ನೂರು ಕಿಲೋ. ಜೊತೆಗೆ ಸಿಲಿಂಡರ್, ಅಕ್ಕಿ, ಹಾಸಿಗೆ. ಎಲ್ಲಾ ಹಿಂದುಗಡೆಗೇ. ಹಿಂದೆ ಭಾರ ಕೂತರೆ ಗಾಡಿಯ ಮೂತಿ ಮೇಲೇಳುತ್ತದೆ, ಬೆಳಕೂ ಮೇಲೇಳುತ್ತದೆ.

ನಾನು ಮಾಡಿದ್ದು ಇಷ್ಟೇ. ಸೊಸೈಟಿಯ ಸಮತಟ್ಟಾದ ಪಾರ್ಕಿಂಗಿನಲ್ಲಿ ಗೋಡೆಯಿಂದ 25 ಅಡಿ ದೂರ ಗಾಡಿ ನಿಲ್ಲಿಸಿದೆ. ನೆಲದಿಂದ ಲೈಟಿನ ನಡುಮಧ್ಯದ ಎತ್ತರ ಅಳೆದು ಗೋಡೆಗೆ ಅಷ್ಟೇ ಎತ್ತರದಲ್ಲಿ ಟೇಪ್ ಅಂಟಿಸಿದೆ. ಅದರ ನಾಲ್ಕು ಇಂಚು ಕೆಳಗೆ ಸೀಮೆಸುಣ್ಣದ ಗೆರೆ. ಬೆಳಕಿನ ಮೇಲಂಚು ಆ ಗೆರೆ ಮೇಲೆ ಕೂರಬೇಕು. ಖಾಲಿ ಗಾಡಿಯಲ್ಲಿ ಸರಿಯಾಗಿ ಕೂತಿತ್ತು. ನೀರು, ಸಾಮಾನು ತುಂಬಿ, ಅತ್ತೆ ಮತ್ತು ಭಾವಮೈದನನ್ನು ಹಿಂದೆ ಕೂರಿಸಿ ನೋಡಿದರೆ ಮೇಲಂಚು ಟೇಪಿನ ಮೇಲೇ ಬಂದು ನಿಂತಿತ್ತು. ಇಟ್ಟಿದ್ದ ನಾಲ್ಕು ಇಂಚು ಪೂರ್ತಿ ಹೋಗಿತ್ತು. ಹಾಗೇ ಹೋಗಿದ್ದರೆ ಎದುರಿನವರ ಕಣ್ಣಿಗೆ ಬೆಳಕು ಹೊಡೆಯುತ್ತಿತ್ತು, ನಮಗೂ ಬಿಳಿ ಗೋಡೆಯೇ ಕಾಣುತ್ತಿತ್ತು. ಸ್ಕ್ರೂಡ್ರೈವರಿನಲ್ಲಿ ಹತ್ತು ನಿಮಿಷದ ಕೆಲಸ.

ಹಳದಿಯೋ ಬಿಳಿಯೋ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದು, ಹಾಗಾಗಿ ಎಲ್ಲ ಬಣ್ಣವನ್ನೂ ಹೆಚ್ಚು ಕಡಿಮೆ ಒಂದೇ ಥರ ಚದುರಿಸುತ್ತದೆ. ಕೆಲವರಿಗೆ ಹಳದಿ ಕಣ್ಣಿಗೆ ಹಿತ, ಅಷ್ಟೇ. ಆದರೆ ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ಲೈಟಿನ ಡೂಮಿನೊಳಗೆ ಎಲ್‌ಇಡಿ ಬಲ್ಬ್ ತುರುಕಬೇಡಿ. ಮೇಲಂಚು ಚೆದುರಿ ಹೋಗುತ್ತದೆ. ಎಲ್‌ಇಡಿ ಬೇಕಿದ್ದರೆ ಪೂರ್ತಿ ಲೈಟನ್ನೇ ಎಲ್‌ಇಡಿಯದ್ದು ತನ್ನಿ.

ಪುಣೆಯಿಂದ ಬೆಳಗಿನ ಜಾವ ಐದಕ್ಕೆ ಬಿಡಿ. ಶನಿವಾರ, ಭಾನುವಾರ ಬೇಡ. ಆಂಬೋಲಿಯ ದೊಡ್ಡ ಜಲಪಾತ ರಸ್ತೆ ಪಕ್ಕದಲ್ಲೇ ಬೀಳುತ್ತದೆ, ವಾರಾಂತ್ಯದಲ್ಲಿ ಜನ, ಗಾಡಿ ಎಲ್ಲಾ ರಸ್ತೆ ಮೇಲೇ. ಘಾಟಿಗೆ ಮೊದಲೇ ಊರಿನಲ್ಲಿ ನಿಲ್ಲಿಸಿ ಲೈಟುಗಳ ಗಾಜು ಒರೆಸಿ. ಆಜರಾದಿಂದ ಬರುವಷ್ಟರಲ್ಲಿ ಕೆಸರು ಮೆತ್ತಿಕೊಂಡಿರುತ್ತದೆ.

ಇಳಿಯುವಾಗ ಲೋ ಬೀಮ್ ಜೊತೆಗೆ ಫಾಗ್ ಲೈಟ್. ಮಂಜು ತೀರಾ ದಟ್ಟ ಇದ್ದರೆ ಮಾತ್ರ ಹಿಂದಿನ ಕೆಂಪು ಲೈಟ್. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 100 ಮೀಟರಿಗಿಂತ ಕಡಿಮೆ ಕಂಡರೆ ಮಾತ್ರ ಫಾಗ್ ಲೈಟ್ ಹಾಕಬಹುದು. ಜರ್ಮನಿಯಲ್ಲಿ ಹಿಂದಿನದಕ್ಕೆ 50 ಮೀಟರಿನ ಮಿತಿ. ನಾನು ಆ 50 ಮೀಟರನ್ನೇ ಲೆಕ್ಕ ಇಟ್ಟುಕೊಂಡೆ. ಚಲಿಸುವಾಗ ಹಜಾರ್ಡ್ ಲೈಟ್, ಅಂದರೆ ಎಲ್ಲಾ ಇಂಡಿಕೇಟರ್ ಒಟ್ಟಿಗೆ ಮಿಣುಕುವುದು, ಹಾಕಬೇಡಿ. ಹಿಂದಿನವನು ಗಾಡಿ ನಿಂತಿದೆ ಅಂದುಕೊಳ್ಳುತ್ತಾನೆ, ತಿರುವಿನಲ್ಲಿ ನಿಮ್ಮ ಇಂಡಿಕೇಟರ್ ಕೂಡ ಕಾಣುವುದಿಲ್ಲ. ಗಂಟೆಗೆ 50 ಕಿಲೋಮೀಟರ್ ಅಂದರೆ ಒಂದು ಸೆಕೆಂಡಿಗೆ 14 ಮೀಟರ್. ಕಾಣುವುದೇ 20 ಮೀಟರ್ ಇದ್ದಾಗ ಬ್ರೇಕಿಗೆ ಕಾಲು ಹೋಗುವಷ್ಟರಲ್ಲಿ ಮುಗಿದಿರುತ್ತದೆ. ನಾವು ಎರಡನೇ ಗೇರಿನಲ್ಲಿ ಗಂಟೆಗೆ 20 ಕಿಲೋಮೀಟರಿನ ಮೇಲೆ ಹೋಗಲೇ ಇಲ್ಲ.

ಒಂದು ವಿಷಯ ಮೋಟರ್‌ಹೋಮಿನವರಿಗೇ. ಆಂಬೋಲಿಯಲ್ಲಿ ಗಾಡಿಯೊಳಗೇ ಚಹಾ ಕುದಿಸಿದೆವು. ಹೊರಟ ಐದು ನಿಮಿಷಕ್ಕೆ ಮಂಜು ಇದ್ದಕ್ಕಿದ್ದ ಹಾಗೆ ದಟ್ಟವಾಯಿತು ಅಂದುಕೊಂಡೆ. ಭಾವಮೈದ ಕೈಯಿಂದ ಗಾಜು ಒರೆಸಿದ. ಮಂಜು ಹೊರಗಲ್ಲ, ಒಳಗೇ ಇತ್ತು! ಎಸಿ ಹಾಕಿ ಗಾಳಿಯನ್ನು ಗಾಜಿಗೆ ತಿರುಗಿಸಿದ ಮೇಲೆ ಸರಿ ಹೋಯಿತು. ಘಾಟಿನಲ್ಲಿ ಒಲೆ ಹಚ್ಚಬೇಡಿ.

ಕೆಳಗೆ ದಾಣೋಲಿ ಬಂದಾಗ ಮಂಜು ಇಲ್ಲ, ಬರೀ ಮಳೆ. ಚಹಾ ಅಂಗಡಿ ಮುಂದೆ ನಿಲ್ಲಿಸಿದೆವು. ಹಿಂದೆಯೇ ಬಂದ ಟೆಂಪೋ ಡ್ರೈವರ್ ಇಳಿದು ಮರಾಠಿಯಲ್ಲಿ ಹೇಳಿದ: "ಘಾಟಿನಲ್ಲಿ ನಿಮ್ಮ ಕೆಂಪು ಲೈಟ್ ನೋಡಿಕೊಂಡೇ ಇಳಿದೆ ದಾದಾ. ಆದರೆ ಮಂಜು ಹೋದ ಮೇಲೂ ಹಾಗೇ ಬಿಟ್ಟಿದ್ದೀರಿ. ಕಣ್ಣು ಉರಿಯುತ್ತಿದೆ." ನಿಜ, ಆರಿಸಲು ಮರೆತಿದ್ದೆ. ಅವನಲ್ಲಿ ಕ್ಷಮೆ ಕೇಳಿದೆ. ಮಳೆಯಲ್ಲಿ ಆ ಲೈಟು ಹಿಂದಿನವನಿಗೆ ಹಿಂಸೆ, ಬ್ರೇಕ್ ಲೈಟೂ ಅದರಲ್ಲಿ ಮುಳುಗಿಹೋಗುತ್ತದೆ. ಪುಣೆಗೆ ವಾಪಸ್ ಬಂದ ಮೇಲೆ ಅದೇ ಎಲೆಕ್ಟ್ರಿಷಿಯನ್ ಹುಡುಗನ ಹತ್ತಿರ ಸ್ಪೀಡೋಮೀಟರ್ ಪಕ್ಕದಲ್ಲಿ ಒಂದು ಸಣ್ಣ ಕಿತ್ತಳೆ ಬಣ್ಣದ ದೀಪ ಹಾಕಿಸಿದ್ದೇನೆ. ಹಿಂದಿನ ಫಾಗ್ ಲೈಟ್ ಉರಿಯುವವರೆಗೂ ಅದೂ ಉರಿಯುತ್ತದೆ. ನೀವು ಲೈಟ್ ಹಾಕಿಸುವಾಗಲೇ ಇದನ್ನೂ ಹೇಳಿಬಿಡಿ.