ಪ್ರೊಪೆಲ್ಲರ್ ಮೊದಲು, ಮೋಟರ್ ಆಮೇಲೆ

ನನ್ನ ಮೊದಲ ರೇಡಿಯೋ ನಿಯಂತ್ರಿತ ವಿಮಾನಕ್ಕೆ ಮೋಟರ್ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ, ಕೆವಿ ಎಂಬ ಅಂಕಿ ದೊಡ್ಡದಾದಷ್ಟೂ ಮೋಟರಿಗೆ ಬಲ ಹೆಚ್ಚು ಎಂದು ನಾನು ನಂಬಿದ್ದೆ. 1000 ಕೆವಿಯದಕ್ಕೂ 2200 ಕೆವಿಯದಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ ಇದ್ದುದರಿಂದ, ಅದೇ ದುಡ್ಡಿಗೆ ಎರಡು ಪಟ್ಟು ಶಕ್ತಿ ಸಿಕ್ಕಿತೆಂದು ಹಿಗ್ಗಿ ಎರಡನೆಯದನ್ನೇ ತಂದೆ. ಮನೆಯಲ್ಲಿದ್ದ 8 ಅಂಗುಲದ ಪ್ರೊಪೆಲ್ಲರನ್ನು ಅದಕ್ಕೆ ಬಿಗಿದು ಥ್ರಾಟಲ್ ಏರಿಸಿದ ಸ್ವಲ್ಪ ಹೊತ್ತಿಗೇ ಬ್ಯಾಟರಿಗೂ ಮೋಟರಿಗೂ ನಡುವೆ ಕೂತು ವೇಗ ನಿಯಂತ್ರಿಸುವ ಇಎಸ್‌ಸಿಯ ಹೊದಿಕೆ ಸುಕ್ಕುಗಟ್ಟಿ, ಕೋಣೆಯೆಲ್ಲ ಸುಟ್ಟ ವಾಸನೆ ತುಂಬಿತು. ತಪ್ಪು ಮಾರಿದವರದ್ದಲ್ಲ, ನನ್ನದೇ.

ಕೆವಿ ಎಂಬುದು ಬಲದ ಅಳತೆಯಲ್ಲ. ಪ್ರೊಪೆಲ್ಲರ್ ಇಲ್ಲದೆ ಬರಿದೇ ತಿರುಗುವ ಮೋಟರ್ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದಷ್ಟೇ ಅದರ ಅರ್ಥ. ಮೂರು ಸೆಲ್ಲಿನ, ಅಂದರೆ 11.1 ವೋಲ್ಟಿನ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿಗೆ 2200 ಕೆವಿ ಮೋಟರನ್ನು ಜೋಡಿಸಿದರೆ ಅದು ನಿಮಿಷಕ್ಕೆ 24,000 ಸುತ್ತು ದಾಟಲು ಹವಣಿಸುತ್ತದೆ. ಪ್ರೊಪೆಲ್ಲರ್ ಬೇಡುವ ಶಕ್ತಿಯಾದರೋ ಸುತ್ತಿನ ವೇಗದ ಘನಕ್ಕೆ ಅನುಗುಣವಾಗಿ, ಒಂದೇ ವೇಗದಲ್ಲಿ ವ್ಯಾಸದ ಸುಮಾರು ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. 9 ಅಂಗುಲದಿಂದ 10 ಅಂಗುಲಕ್ಕೆ ಹೋದರೆ ಒಂದೇ ಅಂಗುಲ ತಾನೇ ಎನಿಸಬಹುದು; ಆದರೆ ಮೋಟರಿನ ಮೇಲಿನ ಹೊರೆ ಒಂದೂವರೆ ಪಟ್ಟಾಗುತ್ತದೆ. ಅಂಥ ಮೋಟರಿಗೆ 6 ಅಂಗುಲದ ಪ್ರೊಪೆಲ್ಲರ್ ಹಾಕಬೇಕಿತ್ತು. ನಾನು ಹಾಕಿದ್ದು 8ರದ್ದು.

ಆದ್ದರಿಂದ ಈಗ ನಾನು ವಿಮಾನದ ತೂಕದಿಂದ ಲೆಕ್ಕ ಶುರುಮಾಡುತ್ತೇನೆ. ಕಲಿಯುವವರ, ರೆಕ್ಕೆ ಮೈಯ ಮೇಲ್ಭಾಗದಲ್ಲಿರುವ ಫೋಮ್ ವಿಮಾನ ಬ್ಯಾಟರಿ ಸಮೇತ 800 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳೋಣ. ಕಿಲೋಗೆ 150ರಿಂದ 200 ವಾಟ್ ಸಾಕೆಂಬುದು ಈ ಹವ್ಯಾಸದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಅಂದರೆ ನಮಗೆ ಬೇಕಿರುವುದು 120ರಿಂದ 160 ವಾಟ್. ಅಗ್ಗದ ಮೋಟರುಗಳ ಮೇಲೆ ಅಚ್ಚಾಗಿರುವ ಅಂಕಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಆದರೆ ಮೋಟರಿನ ತೂಕ ಸುಳ್ಳು ಹೇಳುವುದಿಲ್ಲ. ಒಂದು ಗ್ರಾಂ ಮೋಟರಿಗೆ ಹೆಚ್ಚೆಂದರೆ 3 ವಾಟ್ ಎಂದು ಹಿಡಿದರೆ, ಸುಮಾರು 50 ಗ್ರಾಂ ತೂಗುವ 2212 ಮಾದರಿಯ ಮೋಟರ್ ನಮ್ಮ ಅಗತ್ಯಕ್ಕೆ ಸರಿಹೊಂದುತ್ತದೆ. ಅದರಲ್ಲೂ 1000 ಕೆವಿಯದ್ದನ್ನೇ ಆರಿಸಿ, ವಿಮಾನದ ಮೂಗಿನ ಕೆಳಗೆ ಜಾಗವಿದ್ದಷ್ಟು ದೊಡ್ಡ ಪ್ರೊಪೆಲ್ಲರ್, ಉದಾಹರಣೆಗೆ 10×4.5 (ವ್ಯಾಸ 10 ಅಂಗುಲ; ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ, 4.5 ಅಂಗುಲ), ಹಾಕುವುದು ಜಾಣತನ. ಹೆಚ್ಚು ಗಾಳಿಯನ್ನು ನಿಧಾನವಾಗಿ ಹಿಂದಕ್ಕೆ ತಳ್ಳುವ ದೊಡ್ಡ ಪ್ರೊಪೆಲ್ಲರ್, ಸ್ವಲ್ಪ ಗಾಳಿಯನ್ನು ರಭಸದಿಂದ ತಳ್ಳುವ ಚಿಕ್ಕದಕ್ಕಿಂತ ಅದೇ ವಾಟ್‌ಗೆ ಹೆಚ್ಚು ನೂಕುಬಲ ಕೊಡುತ್ತದೆ. ಹೊರೆಯಲ್ಲಿ ನಿಮಿಷಕ್ಕೆ 7,000 ಸುತ್ತು ತಿರುಗಿದರೂ 4.5 ಅಂಗುಲದ ಪಿಚ್‌ನಿಂದ ಗಂಟೆಗೆ 48 ಕಿ.ಮೀ. ವೇಗದ ಲೆಕ್ಕ ಸಿಗುತ್ತದೆ. ಕಲಿಯುವವರಿಗೆ ಅದಕ್ಕಿಂತ ವೇಗ ಬೇಕೂ ಇಲ್ಲ.

ಇಎಸ್‌ಸಿಯ ವಿಷಯ ಚಿಕ್ಕದು. ಮೋಟರ್ 12 ಆಂಪಿಯರ್ ಎಳೆಯುವುದಾದರೂ 30 ಆಂಪಿಯರಿನದ್ದನ್ನೇ ಕೊಳ್ಳಿ, ಏಕೆಂದರೆ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಅಗ್ಗದವುಗಳ ಅಂಕಿಯೂ ತುಸು ಉಬ್ಬಿಸಿದ್ದೇ ಆಗಿರುತ್ತದೆ. ಅದರೊಳಗೆ ರಿಸೀವರಿಗೂ ಸರ್ವೋಗಳಿಗೂ (ರೆಕ್ಕೆ, ಬಾಲದ ಹಲಗೆಗಳನ್ನು ತಿರುಗಿಸುವ ಪುಟ್ಟ ಮೋಟರುಗಳು) ವಿದ್ಯುತ್ ಒದಗಿಸುವ ಬಿಇಸಿ ಲೀನಿಯರ್ ಮಾದರಿಯದಾಗಿದ್ದರೆ ತುಂಬಿದ ಬ್ಯಾಟರಿಯ 12.6 ವೋಲ್ಟನ್ನು 5ಕ್ಕೆ ಇಳಿಸುವಾಗ ಉಳಿದದ್ದನ್ನೆಲ್ಲ ಶಾಖವಾಗಿ ಹೊರಹಾಕುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ನಾಲ್ಕು ಸರ್ವೋಗಳ ವಿಮಾನದಲ್ಲಿ ಅದಕ್ಕೆ ಗಾಳಿಯಾಡಲು ಒಂದು ಕಿಂಡಿ ಬೇಕೇ ಬೇಕು.

ಹಣ ಉಳಿಸುವುದು ಮೋಟರಿನಲ್ಲಿ, ಖರ್ಚು ಮಾಡುವುದು ಬ್ಯಾಟರಿ ಮತ್ತು ವಾಟ್ ಮೀಟರಿನಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೋಟರ್, ಇಎಸ್‌ಸಿ ಎರಡೂ ಸೇರಿ ನನಗೆ ಸಾವಿರ ರೂಪಾಯಿಯೊಳಗೇ ಸಿಕ್ಕವು. ವಾಟ್ ಮೀಟರ್ ಒಂದಕ್ಕೇ ಹೆಚ್ಚುಕಡಿಮೆ ಅಷ್ಟು ಬಿತ್ತು. ಆದರೆ ಬ್ಯಾಟರಿಗೂ ಇಎಸ್‌ಸಿಗೂ ನಡುವೆ ಅದನ್ನು ಸಿಕ್ಕಿಸಿ ಹತ್ತು ಸೆಕೆಂಡು ಪೂರ್ತಿ ಥ್ರಾಟಲ್ ಕೊಟ್ಟರೆ ಎಷ್ಟು ಆಂಪಿಯರ್, ಎಷ್ಟು ವಾಟ್ ಎಂಬುದು ಕಣ್ಣೆದುರಿಗೇ ಬರುತ್ತದೆ. ಅದು ಮೊದಲೇ ಇದ್ದಿದ್ದರೆ ನನ್ನ ಇಎಸ್‌ಸಿ ಉಳಿಯುತ್ತಿತ್ತು. ನೂಕುಬಲ ಅಳೆಯಲು ಬೇರೆ ಉಪಕರಣ ಕೊಳ್ಳಬೇಕಿಲ್ಲ. ಮರದ ದಿಮ್ಮಿಯೊಂದರ ನೆತ್ತಿಗೆ ಮೋಟರನ್ನು ತಿರುಪು ಹಾಕಿ ಭದ್ರಪಡಿಸಿ, ಗಾಳಿ ಮೇಲಕ್ಕೆ ಚಿಮ್ಮುವಂತೆ ಮಾಡಿ, ದಿಮ್ಮಿಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನಿಲ್ಲಿಸಿ ಸೊನ್ನೆಗೆ ತಂದರಾಯಿತು. ನೂಕುಬಲ ಗ್ರಾಂಗಳಲ್ಲೇ ಕಾಣುತ್ತದೆ. ದಿಮ್ಮಿ ಅಗಲವಾಗಿರಲಿ, ಮುಖ ದೂರವಿರಲಿ. ವಿಮಾನದ ತೂಕದ ಮೂರರಲ್ಲಿ ಎರಡು ಪಾಲು ಬಂದರೆ ಕಲಿಕೆಗೆ ಧಾರಾಳವಾಯಿತು. ಆ ತಕ್ಕಡಿ ಈಗ ಅಡುಗೆಮನೆಗೆ ಮರಳಿಲ್ಲ, ಮನೆಯವರು ಬೇರೆ ಕೊಂಡರು.

ಬ್ಯಾಟರಿ ಕೊಳ್ಳುವಾಗ ಎಲ್ಲರೂ 2200 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಎನ್ನುತ್ತಾರೆ. ಅದು ಸುಮಾರು 180 ಗ್ರಾಂ ತೂಗುತ್ತದೆ, ಅಂದರೆ ನಮ್ಮ ವಿಮಾನದ ಕಾಲುಭಾಗಕ್ಕೆ ಹತ್ತಿರ. ಶೇ. 80ರಷ್ಟನ್ನು ಮಾತ್ರ ಬಳಸಿ, ಸರಾಸರಿ 8 ಆಂಪಿಯರಿನಲ್ಲಿ ಹಾರಿಸಿದರೆ 13 ನಿಮಿಷ ಬರುತ್ತದೆ, ನಿಜ. ಆದರೆ ಹೊಸಬರ ಕೈ ಎಂಟು ನಿಮಿಷಕ್ಕೇ ಬೆವರುತ್ತದೆ. 1500ರ ಎರಡು ಬ್ಯಾಟರಿ ಕೊಂಡರೆ ವಿಮಾನ ಹಗುರವಾಗುತ್ತದೆ, ಮೈದಾನದಲ್ಲಿ ಎರಡು ಸಲ ಹಾರಿಸಲೂಬಹುದು. ಹೊದಿಕೆಯ ಮೇಲೆ 25ಸಿ, ಅಂದರೆ ಸಾಮರ್ಥ್ಯದ (ಇಲ್ಲಿ 1.5 ಆಂಪಿಯರ್-ಗಂಟೆ) 25 ಪಟ್ಟು ಆಂಪಿಯರ್ ಕೊಡಬಲ್ಲದು, ಎಂದಿದ್ದರೆ ಅರ್ಧವನ್ನಷ್ಟೇ ನಂಬಿ: ಆಗಲೂ 18 ಆಂಪಿಯರ್ ಸಿಗುತ್ತದೆ, ನಮಗೆ ಬೇಕಾದದ್ದು 12. ಹಾರಿಸದ ದಿನಗಳಲ್ಲಿ ಸೆಲ್ಲಿಗೆ 3.8 ವೋಲ್ಟಿನಲ್ಲಿ ಇಡಬೇಕು. ತುಂಬಿಸಿಟ್ಟು ವಾರಗಟ್ಟಲೆ ಮರೆತದ್ದು ಉಬ್ಬುತ್ತದೆ. ಗೋಡೆಯ ಸಾಕೆಟ್ಟಿಗೆ ನೇರವಾಗಿ ಹಾಕುವ ಚಿಕ್ಕ ಚಾರ್ಜರ್ ನಿಧಾನ, ಆದರೆ ಎಲ್ಲ ಸೆಲ್ಲುಗಳನ್ನೂ ಒಂದೇ ವೋಲ್ಟಿಗೆ ತರುವುದರಿಂದ ಶುರುವಿಗೆ ಸಾಕು.

ಕೊನೆಯದಾಗಿ ಹತ್ತು ರೂಪಾಯಿಯ ಮಾತೊಂದು. ಪ್ರೊಪೆಲ್ಲರನ್ನು ನಟ್ಟಿನಿಂದ ಬಿಗಿಯುವ ಬದಲು ಶಾಫ್ಟಿಗೆ ಕೂರುವ ಪ್ರಾಪ್ ಸೇವರ್ ಎಂಬ ಪುಟ್ಟ ಹಿಡಿಕೆಗೆ ರಬ್ಬರ್ ಓ-ರಿಂಗಿನಿಂದ ಕಟ್ಟಿದರೆ, ಮೂಗು ನೆಲಕ್ಕೆ ಬಡಿದಾಗ ಪ್ರೊಪೆಲ್ಲರ್ ಕಳಚಿಕೊಳ್ಳುತ್ತದೆ, ಶಾಫ್ಟ್ ಬಾಗುವುದಿಲ್ಲ. ನನ್ನ 1000 ಕೆವಿ ಮೋಟರಿನ ಶಾಫ್ಟ್ ಇನ್ನೂ ನೆಟ್ಟಗಿದೆ. ಓ-ರಿಂಗುಗಳನ್ನು ಮಾತ್ರ ಪಂಪ್ ರಿಪೇರಿ ಅಂಗಡಿಯಿಂದ ಡಜನ್ ಲೆಕ್ಕದಲ್ಲಿ ತರುತ್ತಿದ್ದೇನೆ.